ಐರ್ವೆನ್ ಕೇಳದೆ ಬಿಟ್ಟ ಪ್ರಶ್ನೆ

ಪಾಂಟ್‌ಹೆಲಿಗ್‌ನ ಕ್ಲಿನಿಕ್ಕಿಗೆ ಐರ್ವೆನ್ ಪ್ರಾಸರ್ ಕೆಲಸಕ್ಕೆ ಸೇರಿದಾಗ ಅವಳಿಗೆ ಸಿಕ್ಕ ತರಬೇತಿ ಎರಡೇ ಮಾತಿನದು. ಆಗಿದ್ದ ಮುದಿ ಡಾಕ್ಟರು ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ರೋಗಿಗಳನ್ನು ನೋಡುತ್ತಿದ್ದರು. ಇಪ್ಪತ್ತೆರಡರ ಹುಡುಗಿಗೆ ಬಾಗಿಲು ತೋರಿಸಿ, "ಇದನ್ನ ತೆಗೀತಾ ಇರು," ಎಂದರಂತೆ. ಆಮೇಲೆ ಅವಳ ಬಾಯಿಯ ಕಡೆ ಬೆರಳು ಮಾಡಿ, "ಇದನ್ನ ಮುಚ್ಕೊಂಡಿರು." ಅಷ್ಟೇ. ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಕೆಲಸ ಬಂದುಬಿಟ್ಟಿತ್ತು.

ಇದನ್ನು ಅವಳೇ ನನಗೆ ನೂರು ಸಲ ಹೇಳಿದ್ದಾಳೆ. ನಾನು ಮೆನ್ನಾ, ಹತ್ತೊಂಬತ್ತು ವರ್ಷ ರಿಸೆಪ್ಷನ್ನಿನಲ್ಲಿ ಅವಳ ಪಕ್ಕದ ಕುರ್ಚಿಯಲ್ಲಿ ಕೂತವಳು. ಅವಳು ಹೇಳುವ ಕಥೆಗಳೆಲ್ಲ ನನಗೆ ಬಾಯಿಪಾಠ. ಒಂದು ಕಥೆಯನ್ನು ಮಾತ್ರ ಅವಳು ಬಹಳ ದಿನ ಹೇಳಲಿಲ್ಲ. ಅದನ್ನು ಈಗ ನಾನು ಹೇಳುತ್ತಿದ್ದೇನೆ, ಯಾಕೆಂದರೆ ಅದರಲ್ಲಿ ನನ್ನದೂ ಪಾಲಿದೆ.

ಮುದಿ ಡಾಕ್ಟರು ಹೋದರು, ನಮ್ಮ ಊರಿರುವ ಕಣಿವೆಯ ಕಲ್ಲಿದ್ದಲ ಗಣಿ ಮುಚ್ಚಿತು, ಕ್ಲಿನಿಕ್ಕಿಗೆ ಹೊಸ ಕಟ್ಟಡ ಬಂತು, ಕಂದು ಲಕೋಟೆಗಳಲ್ಲಿದ್ದ ಚೀಟಿಗಳೆಲ್ಲ ಕಂಪ್ಯೂಟರಿಗೆ ಹೋದವು. ಐರ್ವೆನ್ ಮಾತ್ರ ಅಲ್ಲೇ ಇದ್ದಳು. ಯಾರಾದರೂ ಫೋನ್ ಮಾಡಿ "ಹಲೋ" ಎಂದರೆ ಸಾಕು, ಇವಳು ಹೆಸರು ಟೈಪ್ ಮಾಡಿ ಮುಗಿಸಿರುತ್ತಿದ್ದಳು. ಯಾರ ಮೊಣಕಾಲು ಯಾವ ತಿಂಗಳಲ್ಲಿ ನೋಯುತ್ತದೆ, ಯಾವ ಅಜ್ಜಿ ಮಾತ್ರೆ ಬೇಕು ಅನ್ನುವ ನೆಪದಲ್ಲಿ ಮಾತಾಡುವುದಕ್ಕೆ ಬರುತ್ತಾಳೆ, ಯಾವ ಗಂಡಸಿಗೆ ತನ್ನ ಕಷ್ಟ ಹೆಂಗಸರ ಮುಂದೆ ಹೇಳಲು ನಾಚಿಕೆ, ಎಲ್ಲ ಗೊತ್ತು. ಹೊರಗಿನವರು ಅವಳಿಗೆ ಗಾಜಿನ ಹಿಂದಿನ ರಾಕ್ಷಸಿ ಎಂದು ಹೆಸರಿಟ್ಟಿದ್ದರು. ಅದೂ ಅವಳಿಗೆ ಗೊತ್ತಿತ್ತು. ಯಾರಾದರೂ ತೀರ ಕೂಗಾಡಿದರೆ, "ರಾಕ್ಷಸಿ ಇವತ್ತು ಉಪವಾಸ ಇದಾಳೆ, ಹುಷಾರು," ಎನ್ನುತ್ತಿದ್ದಳು.

ಅವಳ ಅಪ್ಪ ಗಣಿಯವನು. ಎದೆಯಲ್ಲಿ ಕಲ್ಲಿದ್ದಲ ಧೂಳು ತುಂಬಿಕೊಂಡು, ಹದಿನೇಳು ವರ್ಷ ಕೆಮ್ಮಿ ಕೆಮ್ಮಿ ತೀರಿಕೊಂಡ. ಕೊನೆಯ ಮೂರು ವರ್ಷ ಹಾಸಿಗೆಯನ್ನು ಕೆಳಗಿನ ಕೋಣೆಗೆ ತಂದು ಅವಳೇ ನೋಡಿಕೊಂಡಳು. ನಮ್ಮ ಕಣಿವೆಯಲ್ಲಿ ಆ ಕಾಯಿಲೆಗೆ ಉದ್ದದ ಹೆಸರು ಬೇಕಾಗಿಲ್ಲ. ಧೂಳು ಎಂದರೆ ಎಲ್ಲರಿಗೂ ಗೊತ್ತು. "ಅವನಿಗೆ ಧೂಳು," ಎಂದರೆ ಎದುರಿಗಿದ್ದವರು ತಲೆಯಾಡಿಸುತ್ತಾರೆ. ಗಣಿಯಲ್ಲಿ ದುಡಿದ ಗಂಡಸಿಗೆ ಎದೆಯಲ್ಲಿ ಏನೇ ಆದರೂ, ಉಸಿರು ಸಿಕ್ಕದಿದ್ದರೂ, ಬಿಗಿದರೂ, ಅವನು ಅದನ್ನು ಧೂಳಿನ ಲೆಕ್ಕಕ್ಕೇ ಹಾಕುತ್ತಾನೆ. ಹಾಗೆ ಹಾಕಿದರೆ ಮರ್ಯಾದೆ ಉಳಿಯುತ್ತದೆ. ಬೇರೆ ಯಾವ ಕಾಯಿಲೆ ಹೇಳಿಕೊಂಡರೂ ಗೋಳು ಹೇಳಿಕೊಂಡಂತೆ.

ಹಾಗಾಗಿ ಧೂಳಿನ ವಿಷಯದಲ್ಲಿ ಐರ್ವೆನ್‌ಗೆ ಪಾಠ ಹೇಳಲು ಯಾರಿಗೂ ಧೈರ್ಯವಿರಲಿಲ್ಲ. ಈಗಿನ ಡಾಕ್ಟರ್ ಸೇನಾಪತಿ ಹೊಸದಾಗಿ ಬಂದ ವರ್ಷ ಕಾರಿಡಾರಿನಲ್ಲಿ ಯಾರದೋ ಕೆಮ್ಮು ಕೇಳಿ ಇವಳ ಕಡೆ ನೋಡಿದರೆ ಇವಳು "ಧೂಳು" ಅಥವಾ "ಸಿಗರೇಟು" ಎನ್ನುತ್ತಿದ್ದಳಂತೆ. ತಪ್ಪಿದ್ದು ಕಡಿಮೆ ಎಂದು ಅವರೇ ಹೇಳುತ್ತಾರೆ.

ಆ ಸೆಪ್ಟೆಂಬರಿನಲ್ಲಿ ನಮಗೆಲ್ಲ ಹೊಸ ತರಬೇತಿ ಬಂತು. ಇನ್ನು ಮುಂದೆ ಫೋನ್ ಎತ್ತಿದ ಕೂಡಲೇ ಡಾಕ್ಟರರ ಹತ್ತಿರ ಜಾಗ ಕೊಡುವುದಲ್ಲ. ಕಾರ್ಡು ನೋಡಿಕೊಂಡು ಪ್ರಶ್ನೆ ಕೇಳಬೇಕು, ಉತ್ತರ ನೋಡಿ ಯಾರನ್ನು ಡಾಕ್ಟರಿಗೆ, ಯಾರನ್ನು ನರ್ಸಿಗೆ, ಯಾರನ್ನು ಔಷಧಿ ಅಂಗಡಿಗೆ, ಯಾರನ್ನು ನೇರ ಆಸ್ಪತ್ರೆಗೆ ಕಳಿಸಬೇಕೆಂದು ತೀರ್ಮಾನಿಸಬೇಕು. ಕಾರ್ಡಿನ ಮೇಲ್ಗಡೆ ಕೆಂಪು ಸಾಲುಗಳು. ಅದರಲ್ಲಿ ಒಂದಕ್ಕೆ ಹೌದು ಎಂದರೂ ಆಂಬ್ಯುಲೆನ್ಸ್. ತರಬೇತಿ ಬುಧವಾರ ಮಧ್ಯಾಹ್ನ, ಕ್ಲಿನಿಕ್ಕಿನ ಬಾಗಿಲು ಹಾಕಿ. ಊಟಕ್ಕೆ ಸ್ಯಾಂಡ್‌ವಿಚ್ ತರಬೇತಿ ಕೊಡುವವರದೇ.

ಐರ್ವೆನ್ ನಿವೃತ್ತಿಗೆ ಏಳು ತಿಂಗಳಿತ್ತು. "ನಲವತ್ತೊಂದು ವರ್ಷ ಆದ್ಮೇಲೆ ನನಗೆ ಹಲೋ ಅನ್ನೋದು ಕಲಿಸ್ತಾರಂತೆ," ಎಂದು ಒಂದು ವಾರ ಗೊಣಗಿದಳು. ನಾನೂ ದನಿಗೂಡಿಸಿದೆ. ನಮ್ಮಿಬ್ಬರಿಗೂ ಅದೊಂದು ಮೋಜಾಗಿತ್ತು.

ಆ ಬುಧವಾರ ಬೆಳಿಗ್ಗೆ ಎಂಟಕ್ಕೆ ಫೋನ್ ಲೈನ್ ತೆರೆಯಿತು. ಎಂಟು ಗಂಟೆ ಎಂದರೆ ನಮಗೆ ಯುದ್ಧ. ಇರುವ ಇಪ್ಪತ್ತೆರಡು ಜಾಗಕ್ಕೆ ಕಣಿವೆಯ ಅರ್ಧ ಜನ ಒಟ್ಟಿಗೆ ಡಯಲ್ ಮಾಡುತ್ತಾರೆ. ಮಧ್ಯಾಹ್ನ ಬಾಗಿಲು ಹಾಕುವ ದಿನವಾದರೆ ಜಾಗ ಹನ್ನೊಂದೇ. ಒಂದು ಕರೆ ಮುಗಿಸುವಷ್ಟರಲ್ಲಿ ಪರದೆಯ ಮೇಲೆ ಹದಿನಾಲ್ಕು ಜನ ಕಾಯುತ್ತಿದ್ದಾರೆ ಎಂದು ಕೆಂಪು ಅಕ್ಷರ ಬರುತ್ತದೆ. ಎಂಟು ಹನ್ನೊಂದಕ್ಕೆ ಐರ್ವೆನ್ ಒಂದು ಕರೆ ತೆಗೆದುಕೊಂಡಳು. ದನಿ ಕೇಳಿದ ಕೂಡಲೇ ಅವಳ ಮುಖ ಸಡಿಲವಾಯಿತು, ಅಂದರೆ ಗುರುತಿನವರು. ಒಂದು ನಿಮಿಷವೂ ಆಗಿರಲಿಲ್ಲ, "ನಾಳೆ ಹತ್ತೂವರೆಗೆ ಬಾ, ಸೇನಾಪತಿ ನೋಡ್ತಾರೆ. ಇನ್ಹೇಲರ್ ಇದ್ಯಲ್ಲ? ಸರಿ," ಎಂದು ಇಟ್ಟಳು. ಮುಂದಿನ ಕರೆ ಎತ್ತಿಕೊಂಡಳು.

"ಯಾರು?" ಎಂದು ನಾನು ಹುಬ್ಬಿನಲ್ಲೇ ಕೇಳಿದೆ.

"ಹೇಡನ್ ಬೆಡ್ಡೋ. ಧೂಳು," ಎಂದಳು.

ಹೇಡನ್ ಅವಳ ಅಣ್ಣನ ಜತೆ ಗಣಿಗೆ ಇಳಿಯುತ್ತಿದ್ದವರು. ಅಣ್ಣ ತೀರಿಕೊಂಡ ಮೇಲೆ ಇವಳ ಮನೆಯ ಚಿಮಣಿ, ಗಟಾರ, ಕೈತೋಟ ಎಲ್ಲಕ್ಕೂ ಅವರೇ. ಒಂಟಿ ಮನುಷ್ಯ. ಅರವತ್ತೆಂಟು ವರ್ಷ. ಊರಿನ ಮೇಲ್ಗಡೆ ಗುಡ್ಡದಲ್ಲಿ ಒಂದು ತುಂಡು ತೋಟದ ಜಾಗ ಬಾಡಿಗೆಗೆ ಹಿಡಿದು ಲೀಕ್ ಎನ್ನುವ ಈರುಳ್ಳಿ ಜಾತಿಯ ತರಕಾರಿ ಬೆಳೆಯುತ್ತಿದ್ದರು. ಪ್ರತಿ ಸೆಪ್ಟೆಂಬರಿನ ತರಕಾರಿ ಪ್ರದರ್ಶನದಲ್ಲಿ ಅವರ ಲೀಕ್‌ಗಳು ಎರಡನೇ ಬಹುಮಾನ ಗೆಲ್ಲುತ್ತಿದ್ದವು. ಮೊದಲನೆಯದು ಯಾವತ್ತೂ ಬರಲಿಲ್ಲ, ಆ ದುಃಖ ಬೇರೆ.

ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕಿದೆವು. ಮೇಲಿನ ಕೋಣೆಯಲ್ಲಿ ಕುರ್ಚಿಗಳನ್ನು ಅರ್ಧ ಚಂದ್ರದಂತೆ ಹಾಕಿ ತರಬೇತಿಯ ಹುಡುಗಿ ಕಾದಿದ್ದಳು. ಬೆಥನ್ ಅಂತ ಹೆಸರು. ಮೊದಲು ಅವಳೂ ಹೀಗೇ ಗಾಜಿನ ಹಿಂದೆ ಕೂತವಳಂತೆ, ಆದರೆ ಅದನ್ನು ನಾವು ನಂಬಲಿಲ್ಲ. ನಮ್ಮ ಮೊಬೈಲುಗಳನ್ನು ಒಂದು ಬಿಸ್ಕತ್ತಿನ ಡಬ್ಬಿಗೆ ಹಾಕಿಸಿಕೊಂಡಳು. "ಹೆಡ್‌ಮಾಸ್ಟ್ರು," ಎಂದು ಐರ್ವೆನ್ ನನ್ನ ಕಿವಿಯಲ್ಲಿ ಹೇಳಿದಳು. ಮ್ಯಾನೇಜರ್ ಗೇನರ್ ನಮ್ಮಿಬ್ಬರನ್ನೂ ಬೇರೆ ಬೇರೆ ಕೂರಿಸುವ ಹಾಗೆ ನೋಡಿದಳು.

ಮೊದಲ ಅರ್ಧ ಗಂಟೆ ನಾನು ಮೊಟ್ಟೆ ಸ್ಯಾಂಡ್‌ವಿಚ್ ತಿಂದುಕೊಂಡು ಕೂತೆ. ಆಮೇಲೆ ಬೆಥನ್ ಕಾರ್ಡು ಹಂಚಿ ಕೆಂಪು ಸಾಲುಗಳನ್ನು ಓದಿಸಿದಳು. ಎದೆಯ ಮಾತು ಬಂದರೆ ಐದು ಪ್ರಶ್ನೆ. ಯಾವಾಗ ಶುರುವಾಯಿತು. ಬಿಗಿತವೋ ನೋವೋ. ತೋಳಿಗೋ ದವಡೆಗೋ ಹರಿಯುತ್ತಿದೆಯೇ. ಬೆವರಿದ್ದೀರಾ, ವಾಕರಿಕೆ ಇದೆಯೇ. ಐದನೆಯದು: ಇದು ಎಂದಿನಂತಿದೆಯೇ, ಬೇರೆ ಥರ ಇದೆಯೇ.

"ಐದನೇದನ್ನ ಬಿಡ್ಬೇಡಿ," ಎಂದಳು ಬೆಥನ್. "ಹಳೇ ಕಾಯಿಲೆ ಇರೋರು ತಾವೇ ಒಂದು ಹೆಸರು ಕೊಟ್ಟು ಮುಗಿಸಿಬಿಡ್ತಾರೆ. ನೀವೂ ಅದನ್ನೇ ಬರ್ಕೊಂಡು ಮುಗಿಸಿಬಿಡ್ತೀರ."

ಐರ್ವೆನ್ ಕೈಯಲ್ಲಿದ್ದ ಸ್ಯಾಂಡ್‌ವಿಚ್ಚನ್ನು ತಟ್ಟೆಗೆ ಇಟ್ಟಳು. ನಾನು ಅದನ್ನು ನೋಡಿದೆ. ಊಟ ಅರ್ಧಕ್ಕೆ ಬಿಡುವ ಹೆಂಗಸಲ್ಲ ಅವಳು.

ಒಂದೆರಡು ನಿಮಿಷ ಬಿಟ್ಟು ಕಾರ್ಡಿನ ಅಂಚಿನಲ್ಲಿ ಪೆನ್ಸಿಲಿನಿಂದ "ಹೇಡನ್" ಎಂದು ಬರೆದು ನನ್ನ ಕಡೆ ತಳ್ಳಿದಳು. ನಾನು ಓದಿ, ತಲೆ ಅಲ್ಲಾಡಿಸಿ, ಮೆಲ್ಲಗೆ, "ಧೂಳು ಕಣೇ ಅದು, ಬಿಡು," ಎಂದೆ. ಅವಳು ಕಾರ್ಡನ್ನು ವಾಪಸ್ಸು ಎಳೆದುಕೊಂಡಳು. ನಾನು ಆವತ್ತು ಆಡಿದ ಆ ನಾಲ್ಕು ಮಾತುಗಳಿಗೆ ಈಗಲೂ ನಾಚಿಕೊಳ್ಳುತ್ತೇನೆ. ಗೋಡೆಯ ಗಡಿಯಾರದಲ್ಲಿ ಆಗ ಎರಡೂ ಐದು.

ಅಲ್ಲಿಂದ ಮುಂದೆ ನನಗೆ ಪಾಠ ಕಿವಿಗೆ ಬೀಳಲಿಲ್ಲ. ನಾನು ಅವಳ ಕೈಗಳನ್ನೇ ನೋಡುತ್ತಿದ್ದೆ. ಮದುವೆಯುಂಗುರವನ್ನು ತಿರುಗಿಸಿದಳು, ತಿರುಗಿಸಿದಳು, ಬೆರಳು ಕೆಂಪಾಯಿತು. ಅವಳ ತಲೆಯೊಳಗೆ ಏನು ನಡೆಯುತ್ತಿತ್ತೆಂದು ಆಮೇಲೆ ಹೇಳಿದಳು. ಬೆಳಗಿನ ಕರೆಯಲ್ಲಿ ಹೇಡನ್ ಏನೇನು ಹೇಳಿದರು ಎಂದು ಒಂದೊಂದೇ ಮಾತು ನೆನಪಿಸಿಕೊಳ್ಳುತ್ತಿದ್ದಳಂತೆ. ಇವತ್ತು ಮೆಟ್ಟಿಲು ಹತ್ತೋಕಾಗ್ಲಿಲ್ಲ ಎಂದಿದ್ದರು. ಅದು ಧೂಳಿಗೂ ಆಗುತ್ತದೆ. ಎದೆ ಮೇಲೆ ಯಾರೋ ಕೂತ ಹಾಗಿದೆ ಎಂದಿದ್ದರು. ಅಪ್ಪನೂ ಹಾಗೇ ಹೇಳುತ್ತಿದ್ದ. ಆದರೆ ಅಪ್ಪ ಅದನ್ನು ಹೇಳುವಾಗ ಮಧ್ಯೆ ಮಧ್ಯೆ ಕೆಮ್ಮುತ್ತಿದ್ದ. ಹೇಡನ್ ಒಂದು ಸಲವೂ ಕೆಮ್ಮಿರಲಿಲ್ಲ. ಅಷ್ಟು ಮಾತಾಡಿ ಒಂದು ಸಲವೂ ಕೆಮ್ಮದ ಧೂಳನ್ನು ಅವಳು ನಲವತ್ತು ವರ್ಷದಲ್ಲಿ ಕೇಳಿರಲಿಲ್ಲ.

ಎದ್ದು ಹೋಗಿ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಅದಕ್ಕೂ ಕಾರಣ ಹೇಳಿದಳು. ಎದ್ದರೆ ಗೇನರ್ ಯಾಕೆ ಎಂದು ಕೇಳುತ್ತಾಳೆ. ಹೇಳಿದರೆ, ಒಂದು ವಾರದಿಂದ ನನಗೇನು ಕಲಿಸುತ್ತೀರಿ ಎಂದು ಗೊಣಗಿದವಳೇ ಇವತ್ತು ಬೆಳಿಗ್ಗೆ ಪ್ರಶ್ನೆ ಕೇಳದೆ ಬಿಟ್ಟಳು ಎಂದಾಗುತ್ತದೆ. ಏಳು ತಿಂಗಳಲ್ಲಿ ಕೇಕು ಕತ್ತರಿಸಿಕೊಂಡು ಮನೆಗೆ ಹೋಗಬೇಕಾದವಳು ವಿಚಾರಣೆ ಮುಗಿಸಿಕೊಂಡು ಹೋಗಬೇಕಾಗುತ್ತದೆ. ಇದೆಲ್ಲ ಒಬ್ಬ ಮನುಷ್ಯನ ಜೀವದ ಎದುರು ಎಷ್ಟರದು? ಅವಳಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಕೂತಿದ್ದಳು. ಅದಕ್ಕೇ ಅವಳು ತನ್ನನ್ನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ.

ಎರಡೂ ಹದಿನೈದಕ್ಕೆ ಬೆಥನ್ ನಾಟಕ ಶುರು ಮಾಡಿದಳು. ತಾನು ರೋಗಿ, ನಮ್ಮಲ್ಲೊಬ್ಬರು ಫೋನ್ ಎತ್ತುವವರು. ಯಾರು ಬರ್ತೀರಿ ಎಂದಳು. ಎಲ್ಲರ ಕಣ್ಣೂ ನೆಲದ ಮೇಲೆ. ಗೇನರ್, "ಐರ್ವೆನ್ ಬರ್ಲಿ, ಹಿರಿಯಳು," ಎಂದಳು. ಐರ್ವೆನ್ ಎದ್ದು ಮುಂದಿನ ಕುರ್ಚಿಯಲ್ಲಿ ಕೂತಳು. ಬೆಥನ್ ಬೆನ್ನು ತಿರುಗಿಸಿ ಕೂತು, ದಪ್ಪ ದನಿ ಮಾಡಿ, ಬೆಳಿಗ್ಗೆಯಿಂದ ಎದೆಯುರಿ, ಎಂದಿನ ಹಾಗೇ, ಏನಿಲ್ಲ, ತೊಂದರೆ ಕೊಟ್ಟೆ ಎಂದಳು.

ಐರ್ವೆನ್ ಕೈಯಲ್ಲಿದ್ದ ಕಾರ್ಡು ನೋಡಿದಳು. ಬೆಥನ್ ಇನ್ನೊಂದು ಸಲ ಹೇಳಿದಳು. ಐರ್ವೆನ್ ಎದ್ದು ನಿಂತಳು.

"ನಾನು ಬೆಳಿಗ್ಗೆ ಒಬ್ಬರನ್ನ ಕೇಳ್ಲಿಲ್ಲ," ಎಂದಳು. "ಹೇಡನ್ ಬೆಡ್ಡೋ. ಎದೆ ಅಂದ್ರು. ನಾಳೆ ಬಾ ಅಂದೆ. ಒಂದು ಪ್ರಶ್ನೆನೂ ಕೇಳ್ಲಿಲ್ಲ."

ಬೈಯುತ್ತಾಳೆ ಎಂದು ನಾನು ಅಂದುಕೊಂಡಿದ್ದ ಗೇನರ್ ಆಗಲೇ ಬಾಗಿಲು ತೆಗೆದು ಹಿಡಿದಿದ್ದಳು. ಬೆಥನ್, "ಹೋಗಿ, ಫೋನ್ ಮಾಡಿ," ಎಂದಳು.

ಕೆಳಗೆ ರಿಸೆಪ್ಷನ್ನಿನಲ್ಲಿ ಐರ್ವೆನ್ ನಂಬರು ನೋಡದೆ ಒತ್ತಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಗಂಟೆ ಬಾರಿಸುತ್ತಲೇ ಇತ್ತು. ಹೇಡನ್ ಮೊಬೈಲ್ ಇಟ್ಟುಕೊಂಡವರಲ್ಲ. ಎರಡನೇ ಸಲವೂ ಎತ್ತಲಿಲ್ಲ. ಮೂರನೇ ಸಲ ಅರ್ಧ ನಂಬರು ಒತ್ತಿ ಇಟ್ಟುಬಿಟ್ಟಳು.

"ಬುಧವಾರ," ಎಂದಳು ಇದ್ದಕ್ಕಿದ್ದಂತೆ. "ತೋಟದಲ್ಲಿರ್ತಾನೆ. ಶನಿವಾರ ಪ್ರದರ್ಶನ, ಲೀಕ್ ಕೀಳೋ ವಾರ ಇದು. ಎದೆ ಮೇಲೆ ಆನೆ ಕೂತಿದ್ರೂ ಹೋಗಿರ್ತಾನೆ."

ಗೇನರ್ ಆಂಬ್ಯುಲೆನ್ಸಿಗೆ ಫೋನ್ ಹಚ್ಚಿದಳು, ಡಾಕ್ಟರ್ ಸೇನಾಪತಿಯನ್ನು ಕೂಗಲು ಬೆಥನ್ ಓಡಿದಳು. ನಾವಿಬ್ಬರೂ ಕಾಯಲಿಲ್ಲ. ನನ್ನ ಕಾರಿನಲ್ಲಿ ಗುಡ್ಡದ ಬೀದಿ ಹತ್ತಿದೆವು. ಮೇಲಿನ ಸಾಲು ಮನೆಗಳ ಆಚೆ ಕಾರು ಹೋಗುವುದಿಲ್ಲ. ಅಲ್ಲಿಂದ ಕಲ್ಲು ದಾರಿ. ಅರವತ್ತಮೂರರ ಐರ್ವೆನ್, ಮೊಣಕಾಲು ನೋವಿನವಳು, ನನಗಿಂತ ಮುಂದೆ ಹತ್ತಿದಳು. ದಾರಿಯುದ್ದಕ್ಕೂ ಒಂದೇ ಮಾತು: "ಅವನು ಕೆಮ್ಮಲಿಲ್ಲ ಮೆನ್ನಾ. ಅವನು ಕೆಮ್ಮಲೇ ಇಲ್ಲ." ದೇವರೇ, ಆ ಮನುಷ್ಯ ನೆಟ್ಟಗೆ ಕೂತಿರಲಿ, ನಮ್ಮನ್ನು ನೋಡಿ ನಗಲಿ, ವರ್ಷವೆಲ್ಲ ಹಂಗಿಸಲಿ ಎಂದು ಬೇಡಿಕೊಂಡೆ.

ಕೂತಿದ್ದರು. ತೋಟದ ಗುಡಿಸಿಲಿನ ಗೋಡೆಗೆ ಒರಗಿ, ಬೋರಲು ಹಾಕಿದ ಬಕೆಟ್ಟಿನ ಮೇಲೆ. ಕಾಲ ಬಳಿ ಕಿತ್ತ ಲೀಕ್ ಎರಡು. ಮುಖ ಬೂದಿ ಬಣ್ಣ. ತಂಗಾಳಿ ಬೀಸುತ್ತಿತ್ತು, ಆದರೂ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"ಏನ್ರೇ ಇಬ್ರೂ, ಕ್ಲಿನಿಕ್ ಇಲ್ಲಿಗೇ ಬಂತಾ," ಎಂದರು. ದನಿ ಇರಲಿಲ್ಲ, ತುಟಿ ಮಾತ್ರ ಆಡಿತು.

ನಾನು ಅವರ ಹೆಗಲು ಹಿಡಿಯಲು ಹೋದೆ. ಐರ್ವೆನ್ ಅವರ ಮುಂದೆ ಮಣ್ಣಿನಲ್ಲೇ ಮಂಡಿಯೂರಿದಳು. ಕೈಯಲ್ಲಿ ಆ ಕಾರ್ಡು ಇತ್ತು. ಅಷ್ಟು ಹೊತ್ತೂ ಬಿಟ್ಟಿರಲಿಲ್ಲ, ಮಡಚಿ ಮುದುರಿ ಹೋಗಿತ್ತು.

"ಹೇಡನ್, ನನಗೆ ನಿನ್ನ ಗುರುತಿಲ್ಲ ಅಂದ್ಕೋ," ಎಂದಳು. "ನಾನು ಕೇಳ್ತೀನಿ, ನೀನು ಇದ್ದದ್ದು ಇದ್ದ ಹಾಗೆ ಹೇಳು. ಯಾವಾಗ ಶುರುವಾಯ್ತು?"

"ಐದು ಗಂಟೆಗೆ."

"ಬೆಳಿಗ್ಗೆ?"

"ಹೂಂ. ಎಚ್ಚರಾಯ್ತು."

"ತೋಳು?"

"ಎಡಗೈ ಕಲ್ಲಾಗಿದೆ."

"ಎಂದಿನ ಥರಾನಾ, ಬೇರೆ ಥರಾನಾ?"

ಹೇಡನ್ ಅವಳನ್ನು ನೋಡಿದರು. ಆ ನೋಟ ನನಗೆ ಮರೆಯುವುದಿಲ್ಲ. ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ನೋಡಿದರು.

"ಬೇರೆ ಥರ, ಐರ್ವೆನ್ ಬಾಖ್," ಎಂದರು. ಬಾಖ್ ಎಂದರೆ ನಮ್ಮಲ್ಲಿ ಪುಟ್ಟೀ ಎಂದ ಹಾಗೆ, ಅವಳು ಏಳು ವರ್ಷದವಳಿದ್ದಾಗಿನಿಂದ ಅವರು ಕರೆಯುವುದೇ ಹಾಗೆ. "ಧೂಳಲ್ಲ ಇದು. ನನಗೆ ಗೊತ್ತಿತ್ತು."

"ಮತ್ತೆ ನನ್ಹತ್ರ ಯಾಕೋ ಧೂಳು ಅಂದೆ?"

"ನೀನು ಗಡಿಬಿಡಿಲಿದ್ದೆ. ಹಿಂದೆ ಫೋನ್ ಎಲ್ಲ ಹೊಡ್ಕೊಳ್ತಿತ್ತು. ನಿನ್ನ ದನಿ ಸುಸ್ತಾಗಿತ್ತು," ಎಂದರು. ಉಸಿರು ತೆಗೆದುಕೊಂಡರು. "ಬೇರೆ ಏನಾದ್ರೂ ಅಂದ್ರೆ ನೀನು ಹೆದರ್ಕೋತೀಯ ಅನ್ನಿಸ್ತು. ಧೂಳು ಅಂದ್ರೆ ನಿನಗೆ ಸುಲಭ."

ಐರ್ವೆನ್ ಅಳಲಿಲ್ಲ. ಅವರ ಎರಡೂ ಕೈ ಹಿಡಿದುಕೊಂಡು ಕೂತಳು. ಕಲ್ಲು ದಾರಿಯಲ್ಲಿ ಡಾಕ್ಟರ್ ಸೇನಾಪತಿ ಚೀಲ ಹೊತ್ತು ಏದುಸಿರು ಬಿಡುತ್ತ ಬಂದರು, ಮಾತ್ರೆ ಬಾಯಿಗೆ ಹಾಕಿ ಅಗಿಯಿರಿ ಎಂದರು. ಆಂಬ್ಯುಲೆನ್ಸು ಪಕ್ಕದ ಕಣಿವೆಯಿಂದ ಗುಡ್ಡ ಬಳಸಿ ಬರಬೇಕಿತ್ತು, ಇಪ್ಪತ್ತಾರು ನಿಮಿಷವಾಯಿತು. ಅಷ್ಟು ನಿಮಿಷ ಅವಳು ಅವರ ಮುಖದಿಂದ ಕಣ್ಣು ಕೀಳಲಿಲ್ಲ. ರೆಪ್ಪೆ ಮುಚ್ಚಿದರೆ, "ಹೇಡನ್," ಎನ್ನುವಳು. ಅವರು, "ಇದೀನಿ," ಎನ್ನುವರು. ಎಷ್ಟು ಸಲವೋ ನಾನು ಎಣಿಸಲಿಲ್ಲ. ಒಂದು ಸಲ ಅವರು ಉತ್ತರ ಕೊಡಲು ತಡ ಮಾಡಿದರು.

ಹೇಡನ್ ಬದುಕಿದರು. ಹೃದಯದ ಒಂದು ನಾಳ ಪೂರ್ತಿ ಕಟ್ಟಿಕೊಂಡಿತ್ತಂತೆ, ಆಸ್ಪತ್ರೆಯಲ್ಲಿ ಬಿಡಿಸಿದರು. ಆದರೆ ಹೃದಯದ ಒಂದು ದೊಡ್ಡ ಭಾಗ ಸತ್ತುಹೋಗಿತ್ತು. ಬೆಳಿಗ್ಗೆ ಎಂಟೂವರೆಗೇ ಬಂದಿದ್ದರೆ ಅದರಲ್ಲಿ ಬಹುಪಾಲು ಉಳಿಯುತ್ತಿತ್ತು ಎಂದು ಅಲ್ಲಿನ ಡಾಕ್ಟರರು ಬರೆದ ಪತ್ರ ನಮ್ಮ ಕ್ಲಿನಿಕ್ಕಿಗೇ ಬಂತು. ಬಂದ ಪತ್ರಗಳನ್ನು ತೆರೆದು ಕಂಪ್ಯೂಟರಿಗೆ ಹಾಕುವುದು ರಿಸೆಪ್ಷನ್ನಿನ ಕೆಲಸ. ಆವತ್ತು ಲಕೋಟೆ ತೆರೆದವಳು ಐರ್ವೆನ್. ಓದಿದಳು, ಹಾಕಿದಳು, ಮುಂದಿನ ಲಕೋಟೆ ತೆಗೆದುಕೊಂಡಳು. ಶೌಚಾಲಯಕ್ಕೆ ಹೋಗಿ ಬಹಳ ಹೊತ್ತು ಬರಲಿಲ್ಲ. ಹೇಡನ್ ಇನ್ನು ಆ ಗುಡ್ಡ ಹತ್ತುವ ಹಾಗಿರಲಿಲ್ಲ. ತೋಟದ ಜಾಗ ಬೇರೆಯವರಿಗೆ ಹೋಯಿತು.

ತಪ್ಪು ನಡೆದರೆ ಎಲ್ಲರೂ ಕೂತು ಮಾತಾಡಬೇಕು ಎನ್ನುವುದು ನಮ್ಮಲ್ಲಿ ನಿಯಮ. ಮುಂದಿನ ವಾರ ಡಾಕ್ಟರ್ ಸೇನಾಪತಿಯ ಕೋಣೆಯಲ್ಲಿ ಕೂತೆವು. ನಮ್ಮ ಕರೆಗಳೆಲ್ಲ ರೆಕಾರ್ಡ್ ಆಗುತ್ತವೆ. ಆ ಕರೆಯನ್ನು ಹಾಕಿದರು.

ಹೇಡನ್‌ರ ದನಿ ಬಂತು. ಮೆಟ್ಟಿಲು ಹತ್ತೋಕಾಗ್ಲಿಲ್ಲ ಕಣಮ್ಮ. ಎದೆ ಮೇಲೆ ಯಾರೋ ಕೂತ ಹಾಗಿದೆ. ಧೂಳಿರ್ಬೇಕು. ಆಮೇಲೆ ಮೌನ. ಇವಳು ಕೀಲಿಗಳನ್ನು ಒತ್ತುವ ಸದ್ದು. ಮೌನ. ಆಮೇಲೆ ಇವಳ ದನಿ: ನಾಳೆ ಹತ್ತೂವರೆಗೆ ಬಾ.

"ಇನ್ನೊಂದ್ಸಲ ಹಾಕಿ," ಎಂದಳು ಐರ್ವೆನ್.

ಹಾಕಿದರು. ಆ ಮೌನ ಪೂರ್ತಿ ನಾಲ್ಕು ಸೆಕೆಂಡು. "ಧೂಳಿರ್ಬೇಕು" ಎಂದ ಮೇಲೆ ಆ ಮನುಷ್ಯ ಕಾದಿದ್ದಾರೆ. ಇರಬೇಕು ಎಂದಿದ್ದಾರೆ, ಹೌದು ಎಂದಿಲ್ಲ. ಕೇಳಲಿ ಎಂದು ಕಾದಿದ್ದಾರೆ. ಆ ನಾಲ್ಕು ಸೆಕೆಂಡಿನಲ್ಲಿ ಹಿಂದೆ ಯಾರೋ ನಗುತ್ತಿರುವುದು ಕೇಳಿಸುತ್ತದೆ. ಆ ನಗು ನನ್ನದು. ಮಧ್ಯಾಹ್ನದ ತರಬೇತಿಯನ್ನು ಆಡಿಕೊಂಡು ನಾನು ಬೆಳಿಗ್ಗೆಯಿಂದಲೇ ನಗುತ್ತಿದ್ದೆ.

ಡಾಕ್ಟರ್ ಸೇನಾಪತಿ ಬೈಯಲಿಲ್ಲ. ಹೇಡನ್ ಧೂಳು ಎಂದಿದ್ದರೆ ನಾನೂ ಹಾಗೇ ಬರೆದುಕೊಳ್ಳುತ್ತಿದ್ದೆನೇನೋ ಎಂದರು. ಆ ಮಾತು ಸಮಾಧಾನಕ್ಕೆ ಹೇಳಿದ್ದು. ಐರ್ವೆನ್‌ಗೆ ಅದು ಹಿಡಿಸಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಎಂದು ಮನೆಗೆ ಹೋಗುವಾಗ ನನ್ನ ಹತ್ತಿರ ಹೇಳಿದಳು.

ಕೆಲಸ ಹೋಗಲಿಲ್ಲ. ಅವಳೇ ಬಿಡುತ್ತಾಳೆ ಎಂದುಕೊಂಡೆ. ಅದೂ ಆಗಲಿಲ್ಲ. ಮರುದಿನದಿಂದ ಕಾರ್ಡನ್ನು ಕಂಪ್ಯೂಟರಿನ ಅಂಚಿಗೆ ಅಂಟಿಸಿಕೊಂಡು, ಒಬ್ಬೊಬ್ಬರನ್ನೂ ಐದೂ ಪ್ರಶ್ನೆ ಕೇಳಿದಳು. ಕಣಿವೆಯ ಜನ ಅದಕ್ಕೆ ಉರಿದುಬಿದ್ದರು. ಇಷ್ಟು ವರ್ಷ ಹೆಸರು ಹೇಳುವ ಮೊದಲೇ ಗುರುತು ಹಿಡಿಯುತ್ತಿದ್ದವಳು ಈಗ ಹುಟ್ಟಿದ ತಾರೀಕು ಕೇಳುತ್ತಾಳೆ, ತಲೆ ಕೆಟ್ಟಿದೆಯೇ ಎಂದು ನನ್ನ ಹತ್ತಿರ ದೂರಿದರು. ಅವಳ ಕರೆಗಳು ಉದ್ದವಾದವು, ಕಾಯುವವರ ಸಾಲು ಬೆಳೆಯಿತು, ನನ್ನ ತಲೆಯ ಮೇಲೆ ಕೆಲಸ ಬಿತ್ತು. ಎಂಟು ಗಂಟೆಯ ಗದ್ದಲದಲ್ಲಿ ಯಾರಾದರೂ "ಎಂದಿನದೇ" ಎಂದರೆ ಅವಳ ಮೈಯೆಲ್ಲ ಬಿಗಿಯಾಗುವುದು ನನಗೆ ಪಕ್ಕದ ಕುರ್ಚಿಯಿಂದ ಕಾಣುತ್ತಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಬೆಳಗಿನ ಹೆಸರುಗಳನ್ನೆಲ್ಲ ಮತ್ತೆ ತೆಗೆದು ಒಂದೊಂದಾಗಿ ನೋಡುವಳು. ಸಂದೇಹ ಬಂದವರಿಗೆ ತಿರುಗಿ ಫೋನ್ ಮಾಡುವಳು. ಏಳು ತಿಂಗಳು ಅವಳು ನೆಮ್ಮದಿಯಾಗಿ ಒಂದು ಊಟ ಮಾಡಿದ್ದನ್ನು ನಾನು ಕಂಡಿಲ್ಲ.

ನಿವೃತ್ತಿಯಾದ ಮೇಲೂ ಬಿಡಲಿಲ್ಲ. ಆ ಕರೆಯನ್ನು ಪಾಠಕ್ಕೆ ಬಳಸಬಹುದೇ ಎಂದು ಬೆಥನ್ ಬಂದು ಕೇಳಿದಳು, ಹೇಡನ್ ಸಹಿ ಹಾಕಿ ಒಪ್ಪಿದರು. ಈಗ ಸುತ್ತಲಿನ ಕಣಿವೆಗಳ ಕ್ಲಿನಿಕ್ಕುಗಳಿಗೆ ಹೊಸದಾಗಿ ಸೇರಿದವರು ತಿಂಗಳಿಗೊಂದು ಬುಧವಾರ ನಮ್ಮ ಮೇಲಿನ ಕೋಣೆಗೆ ಬರುತ್ತಾರೆ. ಅವರ ಮುಂದೆ ಐರ್ವೆನ್ ಆ ಕರೆಯನ್ನು ಹಾಕುತ್ತಾಳೆ. ಇದು ನನ್ನ ದನಿ ಎನ್ನುತ್ತಾಳೆ. ಹಿಂದಿನ ನಗು ಯಾರದೆಂದು ಯಾವತ್ತೂ ಹೇಳಿಲ್ಲ, ಬೇಕಾದರೆ ಹೇಳು ಎಂದು ನಾನೇ ಹೇಳಿದ್ದೇನೆ. ನಾಲ್ಕು ಸೆಕೆಂಡು ಬಂದಾಗ ಬೆರಳು ಮಡಚಿ ಎಣಿಸುತ್ತಾಳೆ.

ಹೋದ ತಿಂಗಳು ನಾನು ಚಹಾ ತೆಗೆದುಕೊಂಡು ಮೇಲೆ ಹೋಗಿದ್ದೆ. ಕರೆ ಮುಗಿದಿತ್ತು. ಹೊಸ ಹುಡುಗಿಯೊಬ್ಬಳು, ಇಪ್ಪತ್ತೆರಡರ ಆಸುಪಾಸಿನವಳು, ಕಣ್ಣು ಒರೆಸಿಕೊಂಡು, ಆ ಮನುಷ್ಯ ಈಗ ಹೇಗಿದ್ದಾರೆ ಎಂದು ಕೇಳಿದಳು.

"ಕೆಳಗೆ ಕೂತಿದಾನೆ," ಎಂದಳು ಐರ್ವೆನ್. "ಇದಕ್ಕೇ ಅಂತ ಬರ್ತಾನೆ. ಹೋಗಿ ಕೇಳು. ಚೆನ್ನಾಗಿದೀನಿ ಅಂತಾನೆ."

ಹುಡುಗಿ ಎದ್ದಳು. ಅವಳು ಬಾಗಿಲ ತನಕ ಹೋಗುವುದನ್ನೇ ನೋಡುತ್ತಿದ್ದು ಐರ್ವೆನ್ ಹೇಳಿದಳು:

"ಆಮೇಲೆ ಎದ್ದು ಬಂದುಬಿಡ್ಬೇಡ. ಅಲ್ಲೇ ಕೂತ್ಕೊಂಡು ಇನ್ನೊಂದ್ಸಲ ಕೇಳು."